ದುಡಿಮೆಯ ಬಗ್ಗೆ ಬೇಸಿಗೆ ಕೋರ್ಸು: ಕಲಾವಿದರು ಮೆಕ್ಸಿಕೊಗೆ ಹೋಗಬೇಕಾ, ಮಂಡ್ಯದಲ್ಲೇ ಇರಬೇಕಾ?

ಜನವರಿ ಬಂತೆಂದರೆ ಮೈಸೂರಿನ ಕಲಾವಿದರ ನಡುವೆ ಒಂದು ಗೊಂದಲ ಶುರುವಾಗುತ್ತದೆ. ಈ ಬೇಸಿಗೆಗೆ ಎಲ್ಲಿಗೆ ಹೋಗುವುದು, ಏನು ಕಲಿಯುವುದು? ಈಚೆಗೆ ಈ ಪ್ರಶ್ನೆಗೆ ಒಂದು ವಿಷಯವೂ ಅಂಟಿಕೊಂಡಿದೆ. ಅದು ದುಡಿಮೆ. ಕೂಲಿ, ಕಾರ್ಖಾನೆ, ಮನೆಗೆಲಸ, ಡೆಲಿವರಿ ಹುಡುಗರ ಓಡಾಟ, ಕಲಾವಿದರು ಬಿಟ್ಟಿಯಾಗಿ ಮಾಡಿಕೊಡುವ ಕೆಲಸ, ಎಲ್ಲವೂ ಇದರಲ್ಲಿ ಬರುತ್ತವೆ. ಇಂಥ ವಿಷಯ ಇಟ್ಟುಕೊಂಡು ಓದುವ ಬೇಸಿಗೆ ಕಾರ್ಯಕ್ರಮಗಳು ಹೊರದೇಶಗಳಲ್ಲಿವೆ. ನಮ್ಮ ರೆಸಿಡೆನ್ಸಿಗಳಿಗೂ, ಅಂದರೆ ಕಲಾವಿದರು ಸ್ವಲ್ಪ ಕಾಲ ಇದ್ದು ಕೆಲಸ ಮಾಡಲು ಕೊಡುವ ಜಾಗಗಳಿಗೂ, ಈ ವಿಷಯ ಹೊತ್ತು ಹೋಗಬಹುದು. ಆನ್‌ಲೈನ್‌ನಲ್ಲೂ ದಾರಿಗಳಿವೆ.

ನನ್ನನ್ನು ಕೇಳುವವರಲ್ಲಿ ಮೂರು ಥರದವರಿದ್ದಾರೆ. ಕಾವಾದಲ್ಲಿ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ, ಈಗಷ್ಟೇ ಪದವಿ ಮುಗಿಸಿದವರು. ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರೋ ಮಿಸ್ಸೋ ಆಗಿರುವವರು. ದಸರಾ ಸ್ತಬ್ಧಚಿತ್ರ, ಗಣಪತಿ, ಮದುವೆ ಮಂಟಪ, ನಾಟಕದ ರಂಗಸಜ್ಜಿಕೆ ಅಂತ ಸಿಕ್ಕ ಕೆಲಸ ಹಿಡಿದು ವರ್ಷದ ಬಾಡಿಗೆ ಹೊಂದಿಸುವವರು. ಮೂವರಿಗೂ ಒಂದೇ ಉತ್ತರ ಹೇಳಲು ಆಗುವುದಿಲ್ಲ.

ಇಂಥ ಕಾರ್ಯಕ್ರಮದಲ್ಲಿ ಏನಿರುತ್ತದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಸಾಮಾನ್ಯವಾಗಿ ಕೆಲವು ವಾರ, ಹೆಚ್ಚೆಂದರೆ ಎರಡು ತಿಂಗಳು. ಓದು, ಚರ್ಚೆ, ಕಲಾವಿದರ ಸ್ಟುಡಿಯೊ ಭೇಟಿ, ಒಬ್ಬರ ಕೆಲಸವನ್ನು ಉಳಿದವರು ಕೂತು ನೋಡಿ ಬಿಚ್ಚಿ ಮಾತಾಡುವುದು, ಕೊನೆಗೊಂದು ಸಣ್ಣ ಪ್ರದರ್ಶನ. ಇಲ್ಲಿ ಕೈಕಸುಬು ಕಲಿಸುವುದಿಲ್ಲ. ಸರ್ಟಿಫಿಕೇಟ್ ಕೊಟ್ಟರೂ ಅದರಿಂದ ಕೆಲಸ ಸಿಗುವುದು ಅಷ್ಟರಲ್ಲೇ ಇದೆ. ಇದು ಗೊತ್ತಿದ್ದೂ ಹೋಗಬೇಕು ಅನಿಸಿದರೆ ಮುಂದೆ ಓದಿ.

ವಿಷಯ ನಿಮಗೆ ಹಿಡಿಸುತ್ತದಾ?

ದುಡಿಮೆ ಅಂದ ಕೂಡಲೇ ನಮ್ಮಲ್ಲಿ ಕಣ್ಣ ಮುಂದೆ ಬರುವುದು ತಲೆ ಮೇಲೆ ಬಾಂಡ್ಲಿ ಹೊತ್ತ ಹೆಂಗಸಿನ ಜಲವರ್ಣ ಚಿತ್ರ. ಅದು ತಪ್ಪೇನಲ್ಲ. ಆದರೆ ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ಕಲಾವಿದರು ಇದನ್ನು ಬೇರೆ ದಿಕ್ಕಿನಿಂದ ಹಿಡಿದಿದ್ದಾರೆ. ದುಡಿಯುವವರನ್ನು ಚಿತ್ರಿಸುವುದಕ್ಕಿಂತ, ದುಡಿಮೆ ಅಂದರೆ ಯಾವುದು, ಅದಕ್ಕೆ ಬೆಲೆ ಕಟ್ಟುವವರು ಯಾರು ಅಂತ ಕೇಳಿದ್ದಾರೆ.

ನ್ಯೂಯಾರ್ಕಿನ ಮಿಯರ್ಲ್ ಲೇಡರ್‌ಮನ್ ಯೂಕೆಲ್ಸ್ ತಾಯಿಯಾದ ಮೇಲೆ 1969ರಲ್ಲಿ ಒಂದು ಪ್ರಣಾಳಿಕೆ ಬರೆದರು. ಗುಡಿಸುವುದು, ತೊಳೆಯುವುದು, ಮಗು ನೋಡಿಕೊಳ್ಳುವುದು, ಇದೇ ನನ್ನ ಕಲೆ ಎಂದರು. ಮುಂದೆ 1979–80ರಲ್ಲಿ ಆ ನಗರದ 8,500 ನೈರ್ಮಲ್ಯ ಕಾರ್ಮಿಕರನ್ನು ಒಬ್ಬೊಬ್ಬರಾಗಿ ಭೇಟಿ ಮಾಡಿ, ಕೈ ಕುಲುಕಿ, ಧನ್ಯವಾದ ಹೇಳಿದರು. ಅದೇ ಕೃತಿ. ಸ್ವಚ್ಛ ನಗರ ಅಂತ ದೇಶದಲ್ಲಿ ಮೊದಲ ಸ್ಥಾನ ಪಡೆದ ಮೈಸೂರಿನಲ್ಲಿ ಕೂತು ಇದನ್ನು ಓದುವಾಗ ಪೌರಕಾರ್ಮಿಕರ ನೆನಪು ಬಾರದೆ ಇರುತ್ತದಾ?

ತೈವಾನ್‌ನಿಂದ ಬಂದ ಟೆಹ್ಚಿಂಗ್ ಶೇ, 1980ರ ಏಪ್ರಿಲ್‌ನಿಂದ ಒಂದು ವರ್ಷ, ಗಂಟೆಗೊಮ್ಮೆ, ಹಗಲು ರಾತ್ರಿ, ಕಾರ್ಖಾನೆಯ ಹಾಜರಿ ಗಡಿಯಾರಕ್ಕೆ ಕಾರ್ಡು ಒತ್ತಿದರು. 8,760 ಸಲದಲ್ಲಿ ತಪ್ಪಿದ್ದು 133 ಮಾತ್ರ. ಸ್ಪೇನ್‌ನ ಸ್ಯಾಂಟಿಯಾಗೊ ಸಿಯೆರಾ 1999ರಲ್ಲಿ ಹವಾನಾದಲ್ಲಿ ಕೆಲಸವಿಲ್ಲದ ಆರು ಯುವಕರಿಗೆ ತಲಾ 30 ಡಾಲರ್ ಕೊಟ್ಟು, ಅವರ ಬೆನ್ನಿನ ಮೇಲೆ ಅಡ್ಡಕ್ಕೆ ಒಂದು ಗೆರೆ ಹಚ್ಚೆ ಹಾಕಿಸಿದರು. ಇದು ಶೋಷಣೆಯನ್ನು ತೋರಿಸುತ್ತಿದೆಯಾ, ಇಲ್ಲ ಮಾಡುತ್ತಿದೆಯಾ? ಜಗಳ ಇನ್ನೂ ನಿಂತಿಲ್ಲ. ನನಗೆ ಆ ಕೆಲಸ ಕಂಡರೆ ಸಿಟ್ಟು ಬರುತ್ತದೆ. ಆದರೆ ತರಗತಿಯಲ್ಲಿ ಅದರಷ್ಟು ಮಾತು ಹೊರಡಿಸುವ ಕೃತಿ ಕಡಿಮೆ.

ನಮ್ಮವರೂ ಇದ್ದಾರೆ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರು ಸೂಜಿ, ದಾರ, ಕುಂಕುಮ, ಸಗಣಿ, ಅಗರಬತ್ತಿಯ ಹಿಟ್ಟು, ಟಾರಿನ ಡ್ರಮ್ಮು ಹೀಗೆ ದುಡಿಮೆಯ ವಸ್ತುಗಳನ್ನೇ ಕಲೆಯಾಗಿಸಿದವರು. ಚಂದ್ರಾಪುರದ ಪ್ರಭಾಕರ್ ಪಾಚ್ಪುತೆ ಕಲ್ಲಿದ್ದಲು ಗಣಿಯ ಬದುಕನ್ನು ಇದ್ದಿಲಿನಲ್ಲೇ ಬಿಡಿಸಿದರು. ಇವರ ಕೆಲಸ ನೋಡಿ ನಿಮ್ಮೊಳಗೆ ಏನೂ ಅಲ್ಲಾಡದಿದ್ದರೆ ಈ ಕೋರ್ಸು ನಿಮಗಲ್ಲ. ಸುಮ್ನೆ ದುಡ್ಡು ಹಾಕಬೇಡಿ.

ಯಾವುದರಿಂದ ಅಳೆಯುವುದು?

ಕಾರ್ಯಕ್ರಮದ ಹೆಸರು, ಬರುವ ದೊಡ್ಡ ಕಲಾವಿದರ ಪಟ್ಟಿ, ವೆಬ್‌ಸೈಟಿನ ಫೋಟೊ, ಇವುಗಳನ್ನು ಬದಿಗಿಡಿ. ನಾನು ನೋಡುವುದು ಐದು ಸಂಗತಿ.

ಮೊದಲನೆಯದು ನಿಜವಾದ ಖರ್ಚು. ಫೀಸು, ಟಿಕೆಟ್ಟು, ಊಟ, ವಸತಿ ಎಲ್ಲರೂ ಲೆಕ್ಕ ಹಾಕುತ್ತಾರೆ. ಆ ವಾರಗಳಲ್ಲಿ ಕಳೆದುಕೊಳ್ಳುವ ಸಂಪಾದನೆಯನ್ನು ಮಾತ್ರ ಯಾರೂ ಹಾಕುವುದಿಲ್ಲ. ಏಪ್ರಿಲ್, ಮೇ ಮೈಸೂರಿನ ಕಲಾವಿದರಿಗೆ ಖಾಲಿ ತಿಂಗಳಲ್ಲ. ರಂಗಾಯಣದ ಚಿಣ್ಣರ ಮೇಳದಿಂದ ಹಿಡಿದು ಬಡಾವಣೆಯ ಸಣ್ಣ ಬೇಸಿಗೆ ಶಿಬಿರದವರೆಗೆ, ಮಕ್ಕಳಿಗೆ ಮುಖವಾಡ ಮಾಡಿಸಿ ನಾಲ್ಕು ಕಾಸು ನೋಡುವುದು ಆಗಲೇ.

ಎರಡನೆಯದು ತಿಂಗಳು. ನಮ್ಮ ಬೇಸಿಗೆ ಮಾರ್ಚ್‌ನಿಂದ ಮೇ. ಯುರೋಪು, ಅಮೆರಿಕದ ಬೇಸಿಗೆ ಜೂನ್‌ನಿಂದ ಆಗಸ್ಟ್. ಅಷ್ಟು ಹೊತ್ತಿಗೆ ಇಲ್ಲಿ ಶಾಲೆ ಶುರುವಾಗಿರುತ್ತದೆ, ಕುಂಬಾರಗೇರಿಯಲ್ಲಿ ಗಣಪತಿಗೆ ಬಣ್ಣ ಹತ್ತುತ್ತಿರುತ್ತದೆ, ದಸರಾ ಕೆಲಸದ ಮಾತುಕತೆ ನಡೆದಿರುತ್ತದೆ. ಆಗಸ್ಟ್ ಕೊನೆಗೆ ವಾಪಸ್ ಬಂದವನಿಗೆ ಸ್ತಬ್ಧಚಿತ್ರದ ಗುತ್ತಿಗೆದಾರ ಕಾಯುತ್ತಾ ಕೂತಿರುವುದಿಲ್ಲ.

ಮೂರನೆಯದು ಭಾಷೆ. ಇಂಗ್ಲಿಷಿನಲ್ಲಿ ಓದುವುದಕ್ಕೂ, ಹದಿನೈದು ಜನರ ಮುಂದೆ ಇಂಗ್ಲಿಷಿನಲ್ಲಿ ವಾದ ಮಾಡುವುದಕ್ಕೂ ತುಂಬಾ ವ್ಯತ್ಯಾಸವಿದೆ.

ನಾಲ್ಕನೆಯದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ. ಈ ಕಾರ್ಯಕ್ರಮದಲ್ಲಿ ದುಡಿಯುವವರು ಎಲ್ಲಿದ್ದಾರೆ? ಅಡುಗೆಯವರಿಗೆ, ಪ್ರದರ್ಶನದ ಗೋಡೆ ಕಟ್ಟುವವರಿಗೆ, ಮಾತಾಡಲು ಬರುವ ಕಾರ್ಮಿಕರಿಗೆ, ಸಹಾಯಕ ಹುಡುಗ ಹುಡುಗಿಯರಿಗೆ ದುಡ್ಡು ಕೊಡುತ್ತಾರಾ? ದುಡಿಮೆಯ ಬಗ್ಗೆ ಪಾಠ ಮಾಡುತ್ತಾ ಬಿಟ್ಟಿ ಚಾಕರಿಯ ಮೇಲೆ ನಡೆಯುವ ಕಾರ್ಯಕ್ರಮಗಳು ಕಲಾಲೋಕದಲ್ಲಿ ಅಪರೂಪವಲ್ಲ. ಇದನ್ನು ಕೇಳಲು ಮುಜುಗರ ಬೇಡ. ನ್ಯೂಯಾರ್ಕಿನಲ್ಲಿ 1969ರಲ್ಲೇ ಕಲಾವಿದರು ಒಕ್ಕೂಟ ಕಟ್ಟಿಕೊಂಡು ಮ್ಯೂಸಿಯಂಗಳ ಜೊತೆ ಜಗಳಕ್ಕೆ ನಿಂತಿದ್ದರು. 2008ರಲ್ಲಿ ಅಲ್ಲೇ ಹುಟ್ಟಿದ ವೇಜ್ ಎಂಬ ಸಂಘಟನೆ, ಕಲಾವಿದರಿಗೆ ಸರಿಯಾದ ಫೀಸು ಕೊಡುವ ಸಂಸ್ಥೆಗಳಿಗೆ ಮಾನ್ಯತೆ ಪತ್ರವನ್ನೇ ಕೊಡುತ್ತದೆ.

ಐದನೆಯದು, ಮುಗಿದ ಮೇಲೆ ಏನು ಉಳಿಯುತ್ತದೆ. ಸ್ನೇಹಿತರು, ಒಂದು ಓದುವ ಪಟ್ಟಿ, ಅರ್ಧ ಆದ ಕೃತಿ, ಸಾಲ. ಇದರಲ್ಲಿ ನಿಮ್ಮ ಪಾಲಿಗೆ ಯಾವುದು ಜಾಸ್ತಿ ಎಂದು ಮೊದಲೇ ಊಹಿಸಬಹುದು.

ಹೊರದೇಶದ ಬೇಸಿಗೆ

ಮೆಕ್ಸಿಕೊ ನಗರದ ಸೋಮಾ ಎಂಬ ಕಲಾಸಂಸ್ಥೆ 2009ರಲ್ಲಿ ಕಲಾವಿದರೇ ಸೇರಿ ಕಟ್ಟಿದ್ದು. ಅದರ ಬೇಸಿಗೆ ಕಾರ್ಯಕ್ರಮ ಕೆಲವು ವಾರಗಳದ್ದು, ಇಂಗ್ಲಿಷಿನಲ್ಲಿ ನಡೆಯುವಂಥದ್ದು. ವಿಷಯ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ದುಡಿಮೆ ಅಂತ ಯಾವಾಗಲೋ ಕೇಳಿದ್ದೆ ಎಂದುಕೊಂಡು ಅರ್ಜಿ ಹಾಕಬೇಡಿ, ಆ ವರ್ಷದ ವಿಷಯ ನೋಡಿ. ಆಸ್ಟ್ರಿಯದ ಸಾಲ್ಸ್‌ಬರ್ಗ್‌ನಲ್ಲಿ 1953ರಲ್ಲಿ ಚಿತ್ರಕಾರ ಆಸ್ಕರ್ ಕೊಕೊಶ್ಕಾ ಶುರು ಮಾಡಿದ ಬೇಸಿಗೆ ಅಕಾಡೆಮಿಯೂ ಇದೆ. ಅಲ್ಲಿ ಬೇರೆ ಬೇರೆ ಕಲಾವಿದರು ಬೇರೆ ಬೇರೆ ತರಗತಿ ನಡೆಸುತ್ತಾರೆ. ಹಾಗಾಗಿ ಅಕಾಡೆಮಿಗಿಂತ ತರಗತಿಯನ್ನು ಆರಿಸಿಕೊಳ್ಳಬೇಕು. ಅಮೆರಿಕದ ಮೇನ್ ರಾಜ್ಯದ ಸ್ಕೋಹೀಗನ್ 1946ರದ್ದು, ಒಂಬತ್ತು ವಾರ. ಹೆಸರು ದೊಡ್ಡದು. ಆದರೆ ಅದು ಸ್ಟುಡಿಯೊದಲ್ಲಿ ಕೆಲಸ ಮಾಡುವವರ ಜಾಗ, ಒಂದು ವಿಷಯ ಹಿಡಿದು ಓದುವವರದ್ದಲ್ಲ.

ಇಲ್ಲಿ ಸಿಗುವ ದೊಡ್ಡ ಲಾಭ ಜೊತೆಗಾರರು. ಬ್ರೆಜಿಲ್‌ನವರು, ಫಿಲಿಪ್ಪೀನ್ಸ್‌ನವರು, ಪೋಲೆಂಡಿನವರು ಒಂದೇ ಮೇಜಿಗೆ ಕೂತಾಗ, ನಿಮ್ಮೂರಿನ ಸಂಗತಿ ನಿಮ್ಮೂರಿನದ್ದು ಮಾತ್ರ ಅಲ್ಲ ಎಂದು ಗೊತ್ತಾಗುತ್ತದೆ. ಮಂಡ್ಯದ ಕಬ್ಬಿನ ಗದ್ದೆಯ ಕಥೆಗೂ ಬ್ರೆಜಿಲ್‌ನ ಕಬ್ಬಿನ ಕಥೆಗೂ ನಂಟಿದೆ. ಎರಡನೆಯ ಲಾಭ, ನಿಮ್ಮ ಕೆಲಸವನ್ನು ಯಾವ ದಾಕ್ಷಿಣ್ಯವೂ ಇಲ್ಲದೆ ನೋಡುವ ಕಣ್ಣುಗಳು. ನಮ್ಮಲ್ಲಿ ‘ಚೆನ್ನಾಗಿದೆ ಸಾರ್’ ಅಂದು ಟೀ ಕುಡಿದು ಹೋಗುವವರೇ ಜಾಸ್ತಿ.

ನಷ್ಟಗಳೂ ಸಣ್ಣವಲ್ಲ. ವಿಮಾನದ ಟಿಕೆಟ್ಟೇ ಸುಲಭವಾಗಿ ಲಕ್ಷದ ಹತ್ತಿರ ಬರುತ್ತದೆ, ದೂರ ಜಾಸ್ತಿಯಾದರೆ ದಾಟುತ್ತದೆ. ಯುರೋಪಿನ ಷೆಂಗೆನ್ ವೀಸಾದ ಫೀಸು 2024ರಿಂದ 90 ಯೂರೊ, ಸಿಗದಿದ್ದರೆ ಆ ದುಡ್ಡು ವಾಪಸ್ ಇಲ್ಲ. ವೀಸಾಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ ಕೇಳುತ್ತಾರೆ. ದಿನಗೂಲಿ ಲೆಕ್ಕದಲ್ಲಿ ಬದುಕುವ ಕಲಾವಿದನ ಖಾತೆಯಲ್ಲಿ ತೋರಿಸಲು ಏನಿರುತ್ತದೆ? ದುಡಿಮೆಯ ಬಗ್ಗೆ ಮಾತಾಡಲು ಹೋಗುವವನನ್ನು ದುಡಿಮೆಯ ದಾಖಲೆ ಇಲ್ಲ ಅಂತ ತಡೆಯುವುದು ವಿಚಿತ್ರ. ಆದರೆ ಇರುವುದೇ ಹಾಗೆ.

ಇನ್ನೊಂದನ್ನು ಹೋಗುವ ಮುಂಚೆಯೇ ಯೋಚಿಸಿ. ಅಲ್ಲಿನ ಚರ್ಚೆ ಹೆಚ್ಚಾಗಿ ವರ್ಗ, ವಲಸೆ, ಹೆಣ್ಣಿನ ದುಡಿಮೆ ಇವುಗಳ ಸುತ್ತ ಇರುತ್ತದೆ. ಜಾತಿ ಬಂದಾಗ ನೀವೇ ಮೇಷ್ಟ್ರಾಗಬೇಕು. ಜಾತಿ ಅಂದರೆ ದುಡಿಮೆಯನ್ನು ಹಂಚುವುದಷ್ಟೇ ಅಲ್ಲ, ದುಡಿಯುವವರನ್ನೇ ಒಡೆಯುವುದು ಎಂದು ಅಂಬೇಡ್ಕರ್ 1936ರಲ್ಲೇ ಬರೆದರು. ಮೈಸೂರಿನ ಮ್ಯಾನ್‌ಹೋಲಿನ ಮುಂದೆ ನಿಂತವರಿಗೆ ಇದನ್ನು ವಿವರಿಸಬೇಕಿಲ್ಲ. ಮೆಕ್ಸಿಕೊದಲ್ಲಿ ಒಂದು ಸಂಜೆ ಪೂರ್ತಿ ವಿವರಿಸಬೇಕಾಗುತ್ತದೆ. ಕೆಲವರಿಗೆ ಅದು ಒಳ್ಳೆಯ ಅಭ್ಯಾಸ. ಕೆಲವರಿಗೆ ಅದೇ ಸುಸ್ತು.

ನನ್ನ ಮಾತು ಇಷ್ಟೇ: ಶುಲ್ಕ ವಿನಾಯಿತಿ ಅಥವಾ ವಿದ್ಯಾರ್ಥಿವೇತನ ಪೂರ್ತಿ ಸಿಕ್ಕರೆ ಹೋಗಿ, ಖುಷಿಯಾಗಿ ಹೋಗಿ. ಅರ್ಧ ಸಿಕ್ಕರೆ ಎರಡು ಸಲ ಯೋಚಿಸಿ. ಚಿನ್ನ ಅಡ ಇಟ್ಟು ಮಾತ್ರ ಹೋಗಬೇಡಿ.

ದೆಹಲಿ, ಬೆಂಗಳೂರು

ದೆಹಲಿಯ ಖಿಡ್ಕಿ ಬಡಾವಣೆಯಲ್ಲಿರುವ ಖೋಜ್ 1997ರಿಂದ ಕಲಾವಿದರಿಗೆ ಜಾಗ ಕೊಡುತ್ತಾ ಬಂದಿದೆ. ಅದರ ಪೀರ್ಸ್ ರೆಸಿಡೆನ್ಸಿ ಇರುವುದೇ ಯುವ ಕಲಾವಿದರಿಗೆ, ಓದು ಮುಗಿಸಿ ಹೊರಬಂದವರಿಗೆ. ಕಾವಾದಿಂದ ಈಗಷ್ಟೇ ಬಂದವರು ಮೊದಲು ನೋಡಬೇಕಾದ್ದು ಇದು. ಖಿಡ್ಕಿಯೇ ವಲಸಿಗರ ಬಡಾವಣೆ. ದುಡಿಮೆಯನ್ನು ಹುಡುಕಿಕೊಂಡು ಬೇರೆಲ್ಲೂ ಹೋಗಬೇಕಿಲ್ಲ. ಬೆಂಗಳೂರಿನ ಶಾಂತಿನಗರದಲ್ಲಿ ಒನ್ ಶಾಂತಿರೋಡ್ ಇದೆ. ಅಲ್ಲಿಗೆ ಬಂದುಹೋಗುವ ಕಲಾವಿದರ ಮಾತು ಕೇಳಲು ರೆಸಿಡೆನ್ಸಿಯೇ ಬೇಕಿಲ್ಲ, ಬೆಳಿಗ್ಗೆ ರೈಲು ಹತ್ತಿದರೆ ರಾತ್ರಿ ಮನೆಗೆ ಬರಬಹುದು. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡೂ ಇಲ್ಲ. ಮಂಡ್ಯದ ಒಬ್ಬ ಕಲಾವಿದೆಯ ಬೇಸಿಗೆ ಲೆಕ್ಕದಲ್ಲಿ ಇದು ನಿಜವಾದ ವ್ಯತ್ಯಾಸ.

ರೆಸಿಡೆನ್ಸಿಯ ತೊಡಕು ಬೇರೆ. ಅದು ಕೋರ್ಸಲ್ಲ. ಯಾರೂ ಓದಿಸುವುದಿಲ್ಲ. ನಿಮ್ಮ ಪ್ರಶ್ನೆ ನೀವೇ ಹೊತ್ತು ಹೋಗಬೇಕು. ‘ಕಾರ್ಮಿಕರ ಬಗ್ಗೆ ಏನಾದರೂ ಮಾಡುತ್ತೇನೆ’ ಅಂತ ಅರ್ಜಿಯಲ್ಲಿ ಬರೆದವರಿಗೆ ಸೀಟು ಸಿಗುವುದಿಲ್ಲ. ಸಿಕ್ಕರೂ ಎರಡನೆಯ ವಾರ ಏನು ಮಾಡಬೇಕೋ ತಿಳಿಯುವುದಿಲ್ಲ. ‘ನನ್ನ ಅತ್ತೆ ಸಾವಿರ ಅಗರಬತ್ತಿ ಹೊಸೆಯುವಾಗ ಅವರ ಅಂಗೈಗೆ ಏನಾಗುತ್ತದೆ’ ಎಂದು ಬರೆದವರಿಗೆ ದಾರಿ ಕಾಣುತ್ತದೆ.

ಬೆಂಗಳೂರಿನಲ್ಲೇ ಇರುವ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1993ರಲ್ಲಿ ಶುರುವಾದದ್ದು. ಇದು ಕೋರ್ಸಿನ ಫೀಸಿಗೆ ದುಡ್ಡು ಕೊಡುವ ಜಾಗವಲ್ಲ, ನಿಮ್ಮ ಯೋಜನೆಗೆ ಅನುದಾನ ಕೊಡುವ ಜಾಗ. ಕನ್ನಡದಲ್ಲೇ ಅರ್ಜಿ ಬರೆಯಬಹುದು. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಬೇಸಿಗೆಯಲ್ಲಿ ಕಲಿತದ್ದನ್ನು ಮುಂದೆ ಒಂದು ವರ್ಷದ ಕೆಲಸವಾಗಿ ಬೆಳೆಸಬೇಕು ಅನ್ನುವವರು ಇದನ್ನು ಗುರುತು ಹಾಕಿಕೊಳ್ಳಿ.

ಆನ್‌ಲೈನ್

ಖರ್ಚು ಕಡಿಮೆ, ಕೆಲವಕ್ಕೆ ಸೊನ್ನೆ. ನ್ಯೂಯಾರ್ಕಿನ ಮೋಮಾ ಮ್ಯೂಸಿಯಂ ಕೋರ್ಸೆರಾ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲಿ ಇಟ್ಟಿರುವ ಸಮಕಾಲೀನ ಕಲೆಯ ಪಾಠಗಳಿಂದ ಹಿನ್ನೆಲೆ ಗಟ್ಟಿಯಾಗುತ್ತದೆ. ಆದರೆ ಇವು ಎಲ್ಲರಿಗೂ ಅಂತ ಮಾಡಿದವು, ದುಡಿಮೆಗೆ ಅಂತ ಅಲ್ಲ.

ನೇರ ತರಗತಿ ಇರುವ ಓದುಗುಂಪಾದರೆ ಗಡಿಯಾರ ನೋಡಿ. ಬೇಸಿಗೆಯಲ್ಲಿ ನ್ಯೂಯಾರ್ಕಿನ ಸಂಜೆ 6 ಗಂಟೆ ಅಂದರೆ ನಮಗೆ ಬೆಳಗಿನ ಜಾವ 3.30. ಬರ್ಲಿನ್, ಸಾಲ್ಸ್‌ಬರ್ಗ್ ಕಡೆಯ ಬೆಳಿಗ್ಗೆ 10 ನಮಗೆ ಮಧ್ಯಾಹ್ನ 1.30, ಆರಾಮು. ಶಾಲೆಗೆ ಹೋಗುವ ಮೇಷ್ಟ್ರಿಗೆ, ಸಣ್ಣ ಮಗುವಿರುವ ತಾಯಿಗೆ ಆನ್‌ಲೈನ್ ಬಿಟ್ಟರೆ ಬೇರೆ ದಾರಿಯೇ ಇರುವುದಿಲ್ಲ ಅನ್ನುವುದೂ ನಿಜ. ಹಾಗಿದ್ದರೆ ಒಬ್ಬರೇ ಸೇರಬೇಡಿ. ಇಬ್ಬರು ಮೂವರು ಸೇರಿ ಒಂದೇ ಮನೆಯಲ್ಲಿ ಕೂತು ನೋಡಿ, ಆಮೇಲೆ ಕನ್ನಡದಲ್ಲಿ ಮಾತಾಡಿ. ಅರ್ಧ ಪಾಠ ಆ ಮಾತಿನಲ್ಲೇ ಇರುತ್ತದೆ.

ಇಲ್ಲೇ, ನೀವೇ ಕಟ್ಟಿಕೊಳ್ಳುವ ಬೇಸಿಗೆ

ಇದನ್ನು ಹೇಳಿದಾಗ ಕೆಲವರು ಮುಖ ಸಣ್ಣದು ಮಾಡುತ್ತಾರೆ. ಹೊರಗೆ ಸೀಟು ಸಿಗದವರಿಗೆ ಸಮಾಧಾನದ ಬಹುಮಾನ ಅಂದುಕೊಳ್ಳುತ್ತಾರೆ. ನಾನು ಹಾಗೆ ನೋಡುವುದಿಲ್ಲ. ಬೇರೆ ದೇಶದವರು ಈ ವಿಷಯ ಹುಡುಕಿಕೊಂಡು ವಿಮಾನ ಹತ್ತುತ್ತಾರೆ. ಮೈಸೂರು ಮಂಡ್ಯದ ನಡುವಿನ ಸುಮಾರು 45 ಕಿಲೋಮೀಟರ್ ರಸ್ತೆಯಲ್ಲಿ ಅದು ಎರಡೂ ಬದಿಗೆ ಬಿದ್ದಿದೆ.

ಮಾದರಿ ಬೇಕಾದರೆ ಇದೆ. ಜರ್ಮನಿಯ ಹರುನ್ ಫರೋಕಿ ಮತ್ತು ಆಂಟ್ಯೆ ಎಹ್‌ಮನ್ 2011ರಿಂದ ಹಲವು ನಗರಗಳಲ್ಲಿ ಒಂದು ಕಾರ್ಯಾಗಾರ ನಡೆಸಿದರು. ಬೆಂಗಳೂರೂ ಅದರಲ್ಲಿತ್ತು. ನಿಯಮ ಸರಳ: ಯಾವುದಾದರೂ ದುಡಿಮೆಯ ಒಂದು ವಿಡಿಯೊ, ಒಂದೆರಡು ನಿಮಿಷ, ಒಂದೇ ಶಾಟ್, ಕತ್ತರಿ ಹಾಕುವಂತಿಲ್ಲ. ಆ ವಿಡಿಯೊಗಳು ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ನಿಮ್ಮ ಕೈಯಲ್ಲಿರುವ ಮೊಬೈಲ್ ಇದಕ್ಕೆ ಧಾರಾಳ ಸಾಕು. ಕತ್ತರಿ ಹಾಕುವಂತಿಲ್ಲ ಅಂದ ಕೂಡಲೇ, ಎಲ್ಲಿ ನಿಲ್ಲಬೇಕು, ಕೆಲಸ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ಮೊದಲೇ ತುಂಬಾ ಹೊತ್ತು ನೋಡಬೇಕಾಗುತ್ತದೆ. ಆ ನೋಡುವುದೇ ಕಲಿಕೆ.

ಎಲ್ಲಿ ನೋಡುವುದು? ಮಾನಂದವಾಡಿ ರಸ್ತೆಯ ರೇಷ್ಮೆ ನೇಯ್ಗೆ ಕಾರ್ಖಾನೆ 1912ರದ್ದು. ಒಳಗೆ ಫೋಟೊಗೆ ಬಿಡುವುದಿಲ್ಲ. ಅದೂ ಒಂದು ಲಾಭವೇ: ಕಣ್ಣಲ್ಲಿ ನೋಡಿ ಹೊರಗೆ ಬಂದು ಬಿಡಿಸಬೇಕು. ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲದಲ್ಲಿ ಮಗ್ಗಗಳಿವೆ. ಕಾರ್ಖಾನೆಯ ಕೆಲಸವನ್ನೂ ಮನೆ ಮಗ್ಗದ ಕೆಲಸವನ್ನೂ ಒಂದೇ ವಾರದಲ್ಲಿ ನೋಡಿದರೆ, ಹೊತ್ತನ್ನು ಯಾರು ಅಳೆಯುತ್ತಾರೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಟೆಹ್ಚಿಂಗ್ ಶೇ ಅವರ ಹಾಜರಿ ಗಡಿಯಾರ ಆಗ ಬೇರೆ ಥರ ಅರ್ಥವಾಗುತ್ತದೆ.

ಅಗರಬತ್ತಿಯನ್ನು ಮನೆಯಲ್ಲಿ ಕೂತು ಹೊಸೆಯುವ ಹೆಂಗಸರಿಗೆ ಕೂಲಿ ದಿನಕ್ಕಲ್ಲ, ಸಾವಿರ ಕಡ್ಡಿಗೆ ಇಷ್ಟು ಅಂತ. ಯಂತ್ರ ಬಂದು, ಹೊರದೇಶದ ಕಡ್ಡಿ ಬಂದು, 2019ರಲ್ಲಿ ಸರ್ಕಾರ ಆ ಆಮದಿಗೆ ತಡೆ ಹಾಕಿ, ಅಷ್ಟೆಲ್ಲ ಆಗಿದೆ. ಜಾಗತಿಕ ವ್ಯಾಪಾರ ಅನ್ನುವುದು ಒಂದು ಜಗಲಿಯ ಮೇಲೆ ಹೇಗೆ ಬಂದು ಕೂರುತ್ತದೆ ಎಂದು ನೋಡಲು ಇದಕ್ಕಿಂತ ಹತ್ತಿರದ ಜಾಗ ನನಗೆ ಕಾಣುವುದಿಲ್ಲ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಒಂದು ಗಾರ್ಮೆಂಟ್ ಫ್ಯಾಕ್ಟರಿ ಮುಚ್ಚಿದಾಗ ಸಾವಿರಕ್ಕೂ ಹೆಚ್ಚು ಜನ, ಹೆಚ್ಚಿನವರು ಹೆಂಗಸರು, ಧರಣಿ ಕೂತರು. ಅದರಲ್ಲಿದ್ದವರು ಇಲ್ಲೇ ಸುತ್ತಮುತ್ತಲ ಹಳ್ಳಿಯವರು.

ಇನ್ನು ಆಲೆಮನೆ. ಗಾಣಕ್ಕೆ ಕಬ್ಬು ಕೊಡುವವರು, ಒಲೆಗೆ ಒಣಗಿದ ಸಿಪ್ಪೆ ತಳ್ಳುವವರು, ಕೊಪ್ಪರಿಗೆಯ ಪಾಕ ನೋಡುವವರು, ಅಚ್ಚಿಗೆ ಸುರಿಯುವವರು. ಮೇ ತಿಂಗಳ ಬಿಸಿಲಲ್ಲಿ ಆ ಒಲೆಯ ಹತ್ತಿರ ಅರ್ಧ ಗಂಟೆ ನಿಂತರೆ ‘ಶ್ರಮದ ಸೌಂದರ್ಯ’ ಎಂದು ಬರೆಯುವ ಆಸೆ ಆರಿಹೋಗುತ್ತದೆ. ಒಳ್ಳೆಯದೇ. ಈಗ ಹಲವು ಆಲೆಮನೆಗಳಲ್ಲಿ ಕೆಲಸ ಮಾಡುವವರು ಉತ್ತರ ಪ್ರದೇಶ, ಬಿಹಾರದ ಕಡೆಯವರು. ಅಂದರೆ ಮಂಡ್ಯದಲ್ಲೇ ಕೂತು ದುಡಿಮೆ ಕಲಿಯಲೂ ಕನ್ನಡವೊಂದೇ ಸಾಲದು.

ಓದಲು ನಮ್ಮದೇ ಸಾಮಗ್ರಿಯೂ ಇದೆ. ಗಂಡ ಮಾರಯ್ಯ ಅಗತ್ಯಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ ವಾಪಸ್ ಹಾಕಿ ಬಾ ಅಂದ ಆಯ್ದಕ್ಕಿ ಲಕ್ಕಮ್ಮನ ವಚನಗಳನ್ನು ಯೂಕೆಲ್ಸ್ ಅವರ ಪ್ರಣಾಳಿಕೆಯ ಪಕ್ಕದಲ್ಲಿಟ್ಟು ಓದಿ ನೋಡಿ. ಹನ್ನೆರಡನೆಯ ಶತಮಾನದ ಹೆಂಗಸು ಕೇಳುವ ಪ್ರಶ್ನೆ ಚುರುಕಾಗಿದೆ.

ಹಾಗಂತ ಈ ದಾರಿ ಸಲೀಸಲ್ಲ. ಮೂರನೆಯ ವಾರಕ್ಕೆ ಗುಂಪು ಕರಗುತ್ತದೆ. ಒಬ್ಬರಿಗೆ ಮದುವೆ, ಇನ್ನೊಬ್ಬರಿಗೆ ಶಿಬಿರ, ಮತ್ತೊಬ್ಬರಿಗೆ ಬಿಸಿಲು. ಕಟುವಾಗಿ ಟೀಕೆ ಮಾಡುವವರು ಇರುವುದಿಲ್ಲ, ಯಾಕೆಂದರೆ ಎಲ್ಲರೂ ನಾಳೆ ಮತ್ತೆ ಮುಖ ನೋಡಬೇಕು. ಜಾತಿಯ ಗೋಡೆಯೂ ಇದೆ. ಪೌರಕಾರ್ಮಿಕರ ಕಾಲೊನಿಗೆ ಬಂದು ಚಿತ್ರ ತೆಗೆದು ಹೋಗುವವರು ಅಲ್ಲಿ ಕೊಟ್ಟ ನೀರು ಕುಡಿಯುತ್ತಾರಾ ಇಲ್ಲವಾ ಎಂಬುದನ್ನು ಅಲ್ಲಿನವರು ಗಮನಿಸುತ್ತಾರೆ. ಹೊರದೇಶದ ತರಗತಿಯಲ್ಲಿ ಇದನ್ನು ತಪ್ಪಿಸಿಕೊಳ್ಳಬಹುದು. ಇಲ್ಲಿ ಆಗುವುದಿಲ್ಲ. ನಾನು ಈ ದಾರಿಯ ಪರ ನಿಲ್ಲುವುದು ಮುಖ್ಯವಾಗಿ ಅದಕ್ಕೇ.

ದುಡ್ಡಿನ ಲೆಕ್ಕ ಹೀಗೆ ಹಾಕಬಹುದು. 8 ಜನ ತಲಾ 2,000 ರೂಪಾಯಿ ಹಾಕಿದರೆ 16,000. ಇದರಲ್ಲಿ ಮೊದಲ ಪಾಲು, ಕೆಲಸ ಬಿಟ್ಟು ನಿಮ್ಮ ಜೊತೆ ಮಾತಾಡಲು ಬರುವವರ ಕೂಲಿ. ಅರ್ಧ ದಿನ ಕೂತರೂ ಪೂರ್ತಿ ದಿನದ್ದು ಕೊಡಿ. ಆಮೇಲೆ ಜೆರಾಕ್ಸು, ಬಸ್ಸು, ಟೀ. ಉಳಿದರೆ ಬೆಂಗಳೂರಿನಿಂದ ಒಬ್ಬ ಅಪರಿಚಿತ ಕಲಾವಿದರನ್ನು ಕೊನೆಯ ವಾರ ಕರೆಸಿ, ಅವರಿಗೂ ಫೀಸು ಕೊಟ್ಟು, ಎಲ್ಲರ ಕೆಲಸವನ್ನೂ ಬಾಯಿಗೆ ಬಂದಂತೆ ಟೀಕಿಸಿ ಅಂತ ಕೇಳಿ. ಪರಿಚಯದವರನ್ನು ಕರೆಯಬೇಡಿ.

ಹಾಗಾದರೆ ಯಾರಿಗೆ ಯಾವುದು?

ಈಗಷ್ಟೇ ಪದವಿ ಮುಗಿಸಿದವರು, ಮನೆಯ ಜವಾಬ್ದಾರಿ ಇನ್ನೂ ಹೆಗಲಿಗೆ ಬರದವರು, ಖೋಜ್‌ನಂಥ ಜಾಗಕ್ಕೆ ಅರ್ಜಿ ಹಾಕಿ. ವಿದೇಶಕ್ಕೂ ಹಾಕಿ, ಆದರೆ ಪೂರ್ತಿ ನೆರವು ಕೇಳಿ. ನಿಮಗೆ ಈಗ ಬೇಕಿರುವುದು ಜೊತೆಗಾರರು ಮತ್ತು ಟೀಕೆಯ ಪೆಟ್ಟು.

ಡ್ರಾಯಿಂಗ್ ಮೇಷ್ಟ್ರಿಗೆ, ಮಿಸ್ಸಿಗೆ ಸಿಗುವುದು ಏಪ್ರಿಲ್, ಮೇ ಎರಡೇ ತಿಂಗಳು. ಜೂನ್‌ನ ಹೊರದೇಶದ ಕಾರ್ಯಕ್ರಮಕ್ಕೆ ಆಸೆ ಪಡಬೇಡಿ, ಖಾಸಗಿ ಶಾಲೆಯಲ್ಲಿ ರಜೆ ಕೇಳಿದರೆ ಕೆಲಸವೇ ಹೋಗಬಹುದು. ಊರಿನ ಗುಂಪು ಮತ್ತು ಆನ್‌ಲೈನ್ ಓದು ಎರಡನ್ನೂ ಸೇರಿಸಿ. ಗುಂಪನ್ನು ನಡೆಸುವ ಶಿಸ್ತು ನಿಮಗೇ ಜಾಸ್ತಿ ಇರುತ್ತದೆ, ಅಲ್ವಾ?

ಸ್ತಬ್ಧಚಿತ್ರ, ಗಣಪತಿ, ಮಂಟಪ ಮಾಡುವವರಿಗೆ ನನ್ನ ಸಲಹೆ ಬೇರೆ. ಈ ವಿಷಯದಲ್ಲಿ ನೀವು ವಿದ್ಯಾರ್ಥಿಗಳಲ್ಲ, ಸಾಕ್ಷಿಗಳು. ರಾತ್ರಿಯೆಲ್ಲ ಫೈಬರ್ ಉಜ್ಜಿ, ಮರುದಿನ ಜಂಬೂಸವಾರಿಯಲ್ಲಿ ಹೆಸರಿಲ್ಲದೆ ಸಾಗುವ ಕೆಲಸದ ಬಗ್ಗೆ ಮಾತಾಡಲು ನಿಮ್ಮನ್ನು ಯಾವುದಾದರೂ ಕೋರ್ಸು ಕರೆಯಬೇಕು, ದುಡ್ಡು ಕೊಟ್ಟು. ಫೀಸು ಕಟ್ಟಿ ಹೋಗುವುದು ಕೊನೆಯ ಆಯ್ಕೆಯಾಗಿರಲಿ. ಕಲಿಯಬೇಕು ಅನಿಸಿದರೆ ಸೀಸನ್ ಇಲ್ಲದ ಕಾಲದಲ್ಲಿ ಬೆಂಗಳೂರಿನ ಮಾತುಕತೆಗಳಿಗೆ ಹೋಗಿ, ಅನುದಾನದ ಅರ್ಜಿಯನ್ನು ಕನ್ನಡದಲ್ಲಿ ಬರೆಯಿರಿ.

ಯಾವುದನ್ನೇ ಆರಿಸಿ, ಅರ್ಜಿ ಹಾಕುವ ಮುಂಚೆ ಸಂಘಟಕರಿಗೆ ಒಂದು ಮೇಲ್ ಕಳಿಸಿ. ನಾಲ್ಕು ಪ್ರಶ್ನೆ ಸಾಕು. ಒಟ್ಟು ಎಷ್ಟು ಜನರಿಗೆ ಪೂರ್ತಿ ನೆರವು ಕೊಡುತ್ತೀರಿ? ಪಾಠ ಮಾಡುವವರ ಜೊತೆಗೆ, ಅಡುಗೆ, ಸ್ವಚ್ಛತೆ, ಪ್ರದರ್ಶನ ಕಟ್ಟುವ ಕೆಲಸ ಯಾರು ಮಾಡುತ್ತಾರೆ, ಅವರಿಗೆ ಕೂಲಿ ಇದೆಯಾ? ಭೇಟಿ ಕೊಡುವ ಕಾರ್ಮಿಕರಿಗೆ ಅವರ ಹೊತ್ತಿಗೆ ಏನು ಕೊಡುತ್ತೀರಿ? ಕಳೆದ ಸಲ ಬಂದ ಇಬ್ಬರ ಜೊತೆ ನಾನು ಮಾತಾಡಬಹುದಾ? ಹತ್ತು ದಿನ ಕಾಯಿರಿ. ಹಾರಿಕೆಯ ಉತ್ತರ ಬಂದರೆ, ಇಲ್ಲ ಉತ್ತರವೇ ಬರದಿದ್ದರೆ, ಅರ್ಜಿಯ ಫೀಸು ಕಟ್ಟಬೇಡಿ.